ಮಾದರಿ ಎಡಗಾಲು

ಮನುಷ್ಯಕುಲದ ಏಳುಬೀಳಿನಲ್ಲಿ ಚಕ್ರದ ಪಾತ್ರವೇನು, ಬೆಂಕಿಯ ಪಾತ್ರವೇನು ಎಂದು ತಿಳಿದವರು ಕಪಾಟು ತುಂಬುವಷ್ಟು ಬರೆದಿದ್ದಾರೆ. ಎಲಾಸ್ಟಿಕ್ ಪಟ್ಟಿಯ ಬಗ್ಗೆ ಮಾತ್ರ ಯಾರೂ ಒಂದು ಸಾಲು ಬರೆಯುವ ಸೌಜನ್ಯ ತೋರಿಲ್ಲ. ಎರಡು ಬೆರಳಗಲದ, ಒಂದು ಗೇಣುದ್ದದ, ಕಪ್ಪು ಬಣ್ಣದ ಒಂದು ಎಲಾಸ್ಟಿಕ್ ಪಟ್ಟಿ ಒಂದು ಇಡೀ ಕಚೇರಿಯನ್ನು ಅಲ್ಲಾಡಿಸಿ, ಒಬ್ಬ ಸಜ್ಜನನನ್ನು ಐವತ್ತನಾಲ್ಕು ಮೆಟ್ಟಿಲು ಹತ್ತಿಸಿ, ಕುಂಡಿಯ ಮೇಲೆ ಇಳಿಸಿದ್ದು ಸಾಮಾನ್ಯ ಸಂಗತಿಯಲ್ಲ. ಆದ್ದರಿಂದ ಈ ಬರಹ.

ಸಜ್ಜನರೆಂದರೆ ದಾಖಲೆ ಕಚೇರಿಯ ಬೈಂಡರು. ಹರಿದ ರಿಜಿಸ್ಟರುಗಳನ್ನು ಬಿಚ್ಚಿ, ಹಾಳೆ ಜೋಡಿಸಿ, ಹೊಲಿದು, ಅಂಟು ಹಚ್ಚಿ, ರಟ್ಟು ಹಾಕುವುದು ಅವರ ಇಪ್ಪತ್ತಾರು ವರ್ಷದ ಕೆಲಸ. ಮೊದಲು ಅವರಷ್ಟು ತಣ್ಣನೆಯ ಮನುಷ್ಯ ಆ ಕಟ್ಟಡದಲ್ಲೇ ಇರಲಿಲ್ಲ. ನಾಲ್ಕು ವರ್ಷದ ಕೆಳಗೆ ಎಡಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಸಿಟ್ಟು ಶುರುವಾದದ್ದು ಅಲ್ಲಿಂದ. ಸಿಟ್ಟು ಈ ಕಾಯಿಲೆಯ ಲಕ್ಷಣವಲ್ಲ ಎಂದು ಡಾಕ್ಟರು ಹೇಳಿದರು. ಹೌದು, ಅದು ನೋಡಲು ಬರುವವರು ತಂದುಕೊಡುವ ಲಕ್ಷಣ.

"ನಿಮ್ಮ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ. ಮೆದುಳು ಹೇಳಿದ ಸುದ್ದಿ ಕಾಲಿಗೆ ಸರಿಯಾಗಿ ತಲುಪ್ತಿಲ್ಲ. ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತೀವಿ" ಎಂದಿದ್ದರು ಡಾಕ್ಟರು.

"ಗೊತ್ತಾಯ್ತು. ಹಾಳೆಗಳೆಲ್ಲ ಇವೆ, ಹೊಲಿಗೆ ಬಿಟ್ಟಿದೆ" ಎಂದಿದ್ದರು ಬೈಂಡರು.

ಅವರಿಗೆ ಒಂದೇ ನಿಮಿಷದಲ್ಲಿ ಅರ್ಥವಾದದ್ದು ಊರಿಗೆ ನಾಲ್ಕು ವರ್ಷದಲ್ಲಿ ಅರ್ಥವಾಗಲಿಲ್ಲ. "ನೋಡೋಕೆ ಗುಂಡುಕಲ್ಲಿನ ಹಾಗಿದ್ದೀರಲ್ಲ!" ಎನ್ನುವವರು ಕೆಲವರು. "ಸುಸ್ತಾ? ಸುಸ್ತು ಯಾರಿಗಾಗಲ್ಲ ಹೇಳಿ, ನನಗೂ ಆಗುತ್ತೆ" ಎನ್ನುವವರು ಹಲವರು. ಸೆಕೆಯಾದರೆ ಕಾಲು ನೆನೆದ ರಟ್ಟಿನಂತೆ ಮಡಿಚಿಕೊಳ್ಳುತ್ತದೆ ಎಂದರೆ, "ಓಹೋ, ಬಿಸಿಲು ಕಂಡ್ರೆ ಆಗಲ್ಲ ಅನ್ನಿ, ಮಹಾರಾಜರು!" ಎಂದು ಬೆನ್ನು ತಟ್ಟುವವರು ಉಳಿದವರೆಲ್ಲ.

ಇಷ್ಟರ ನಡುವೆ ಬೈಂಡರಿಗೆ ಒಂದೇ ಒಂದು ಸುಖವಿತ್ತು: ನೆಲಮಹಡಿಯ ಮೇಜು. ಬೈಂಡಿಂಗ್ ವಿಭಾಗ ಇರುವುದು ಮೂರನೇ ಮಹಡಿಯಲ್ಲಿ, ತಗಡಿನ ಮಾಡಿನ ಕೆಳಗೆ. ಲಿಫ್ಟಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ತೂಗುಬಿದ್ದು ಎಷ್ಟು ಕಾಲವಾಯಿತೆಂದರೆ, ಆ ದುರಸ್ತಿಯ ಪತ್ರವ್ಯವಹಾರವನ್ನು ಬೈಂಡರೇ ಮೂರು ಸಂಪುಟಗಳಾಗಿ ಹೊಲಿದಿದ್ದರು. ಒಳ್ಳೆಯ ಕೆಲಸ, ಬೆನ್ನಿಗೆ ಕ್ಯಾಲಿಕೋ ಬಟ್ಟೆ. ಹತ್ತಾರು ಅರ್ಜಿ ಹಾಕಿದ ಮೇಲೆ ಅವರಿಗೆ ಕೆಳಗೆ, ಉತ್ತರದ ಕಿಟಕಿಯ ಪಕ್ಕ, ಒಂದು ಮೇಜೂ ಒಂದು ಫ್ಯಾನೂ ಸಿಕ್ಕಿದ್ದವು. ಆದೇಶದ ಕೊನೆಯಲ್ಲಿ ಒಂದು ಸಾಲು: 'ಎಡಗಾಲು ಸುಧಾರಿಸುವವರೆಗೆ ಮಾತ್ರ.' ಆ ಮೇಜು ಉಳಿದರೆ ಕೆಲಸ ಉಳಿಯುತ್ತದೆ, ಹೋದರೆ ಕೆಲಸವೂ ಹೋಗುತ್ತದೆ. ಇದು ಬೈಂಡರಿಗೆ ಗೊತ್ತಿತ್ತು, ಫ್ಯಾನಿಗೂ ಗೊತ್ತಿದ್ದಿರಬೇಕು.

ಆಸ್ಪತ್ರೆ ದೂರ, ಎರಡು ಬಸ್ಸು ಬದಲಿಸಬೇಕು. ಹಾಗಾಗಿ ಆಸ್ಪತ್ರೆಯವರು ಮನೆಯಲ್ಲೇ ವ್ಯಾಯಾಮ ಮಾಡುವ ಏರ್ಪಾಡು ಮಾಡಿದರು. ಒಂದು ಟ್ಯಾಬ್ಲೆಟ್ಟು, ಎಡಗಾಲಿನ ಹರಡಿಗೆ ಕಟ್ಟಿಕೊಳ್ಳಲು ನಮ್ಮ ಕಥಾನಾಯಕನಾದ ಎಲಾಸ್ಟಿಕ್ ಪಟ್ಟಿ, ಪಟ್ಟಿಯ ಮೇಲೆ ಗುಂಡಿಯಷ್ಟು ದೊಡ್ಡ ಒಂದು ಯಂತ್ರ. ಕಾಲು ಎತ್ತಿದರೆ ಗುಂಡಿ ಎಣಿಸುತ್ತದೆ. ಲೆಕ್ಕ ತಂತಾನೇ ಟ್ಯಾಬ್ಲೆಟ್ಟಿಗೆ, ಅಲ್ಲಿಂದ ಆಸ್ಪತ್ರೆಗೆ ಹೋಗುತ್ತದೆ. ಎರಡು ವಾರಕ್ಕೊಮ್ಮೆ, ಶನಿವಾರ, ಫಿಜಿಯೋ ಮೇಡಂ ಪರದೆಯ ಮೇಲೆ ಬಂದು ಮಾತಾಡಿಸುತ್ತಾರೆ.

ಇದನ್ನೆಲ್ಲ ಜೋಡಿಸಿಕೊಟ್ಟದ್ದು ಭಾವಮೈದುನ. ಮೊಬೈಲಿಗೆ ಕವಚ ಮಾರುವ ಅಂಗಡಿ ಅವನದು. ಆದ್ದರಿಂದ ಕವಚದೊಳಗಿನದೆಲ್ಲ ತನಗೆ ಗೊತ್ತು ಎಂದು ಅವನ ನಂಬಿಕೆ. ಪರದೆ ಏನು ಕೇಳಿದರೂ ಓದದೆ 'ಒಪ್ಪಿದೆ' ಎಂದು ಹನ್ನೊಂದು ಸಲ ಒತ್ತಿದ. 'ಮನೆಯವರ ನಂಬರು' ಎಂಬಲ್ಲಿ ತನ್ನದನ್ನು ಹಾಕಿದ. 'ವಾರದ ವರದಿ ಇನ್ನು ಯಾರಿಗೆ ಕಳಿಸಬೇಕು?' ಎಂಬಲ್ಲಿ ಬೈಂಡರ ಕಚೇರಿಯ ವಿಳಾಸ ಬರೆದ.

"ಯಾಕೋ ಅದು?"

"ಖಾಲಿ ಬಿಟ್ರೆ ಮುಂದೆ ಹೋಗಲ್ಲ ಭಾವ. ನೀವು ಸುಮ್ನಿರಿ, ಇದು ಟೆಕ್ನಾಲಜಿ."

ಬೈಂಡರ ಹೆಂಡತಿ ಆಗ ಮನೆಯಲ್ಲಿರಲಿಲ್ಲ. ಆಕೆ ದರ್ಜಿ; ಮುಂದಿನ ಕೋಣೆಯಲ್ಲಿ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ನು ಇಟ್ಟುಕೊಂಡು ಇಡೀ ಬಡಾವಣೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅಂದು ಶಾಲೆಗೆ ಅಳತೆ ತೆಗೆದುಕೊಳ್ಳಲು ಹೋಗಿದ್ದಳು. ಬೈಂಡರು ಆಕೆಗೆ ಪಟ್ಟಿಯ ಸುದ್ದಿ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡು ಮೂಟೆ ರಟ್ಟು ಹೆಗಲ ಮೇಲೆ ಹೊತ್ತು ತಂದು ತೋರಿಸಿದ್ದ ಗಂಡಸು, ಈಗ ಒಂದು ಹಲಗೆಯ ಮುಂದೆ ಕೂತು ಮೊಣಕಾಲು ಎತ್ತುತ್ತೇನೆಂದು ಹೇಗೆ ಹೇಳುವುದು? "ಓದೋಕೆ ಕೊಟ್ಟಿದಾರೆ" ಎಂದು ಹೇಳಿ ಒಳಕೋಣೆಯ ಬಾಗಿಲು ಹಾಕಿಕೊಂಡರು. ಮುಚ್ಚಿದ ಬಾಗಿಲ ಹಿಂದೆ ಗಂಡ ಏನು ಓದುತ್ತಾನೋ ಎಂದು ಆಕೆಯೂ ಕೇಳಲಿಲ್ಲ. ಸಮವಸ್ತ್ರದ ಕಾಲ, ಪುರುಸೊತ್ತಿಲ್ಲ.

ಮೊದಲ ದಿನ ಎಡಗಾಲು ನಾಲ್ಕು ಸಲ ಎದ್ದಿತು.

"ಪರವಾಗಿಲ್ಲ! ನಾಳೆ ಇನ್ನೂ ಚೆನ್ನಾಗಿ ಪ್ರಯತ್ನಿಸೋಣ, ಅಲ್ವಾ?" ಎಂದಿತು ಟ್ಯಾಬ್ಲೆಟ್ಟು, ತೊಟ್ಟಿಲ ಮಗುವನ್ನು ಮಾತಾಡಿಸುವ ದನಿಯಲ್ಲಿ.

ಎರಡನೆಯ ದಿನವೂ ನಾಲ್ಕು. "ಪರವಾಗಿಲ್ಲ! ನಾಳೆ ಇನ್ನೂ ಚೆನ್ನಾಗಿ..."

ಮೂರನೆಯ ದಿನ ಹಲ್ಲು ಕಚ್ಚಿ, ಬೆವರು ಸುರಿಸಿ, ಕುರ್ಚಿಯ ತೋಳು ಕೀಳುವಷ್ಟು ಹಿಡಿದು, ಆರು ಸಲ ಎತ್ತಿದರು. ಆರು! ಬೈಂಡರ ಎದೆ ಉಬ್ಬಿತು.

"ಪರವಾಗಿಲ್ಲ!" ಎಂದಿತು ಟ್ಯಾಬ್ಲೆಟ್ಟು.

"ಪರವಾಗಿಲ್ವಾ? ನಿನ್ನಜ್ಜಿ ತಲೆ!" ಎಂದು ಗುಡುಗಿ ಬೈಂಡರು ಪಟ್ಟಿಯನ್ನು ಕಿತ್ತು ಬಾಗಿಲ ಕಡೆಗೆ ಎಸೆದರು. ಎಲ್ಲಿ ಬಿತ್ತೆಂದು ನೋಡಲಿಲ್ಲ. ಬಗ್ಗಿ ಹುಡುಕುವ ಶಕ್ತಿಯೂ ಇರಲಿಲ್ಲ, ಮನಸ್ಸಂತೂ ಮೊದಲೇ ಇರಲಿಲ್ಲ.

ಅದು ಬಾಗಿಲ ಸಂದಿನಿಂದ ಜಾರಿ, ಗುಂಡಿ, ಲೇಸು, ಎಲಾಸ್ಟಿಕ್ ಚೂರುಗಳಿದ್ದ ಹೆಂಡತಿಯ ಬುಟ್ಟಿಗೆ ಬಿತ್ತೆಂದು ಬೈಂಡರಿಗೆ ಆಮೇಲೆ ತಿಳಿಯಿತು. ನಮಗೆ ಈಗಲೇ ತಿಳಿದಿರಲಿ. ಹೆಂಡತಿಯ ಉಡುಪಿನ ಅಂಚು ಮಿಷನ್ನಿನ ಚಕ್ರಕ್ಕೆ ಸಿಕ್ಕಿ ಹರಿಯುವುದು ದಿನದ ಗೋಳು. ಬುಟ್ಟಿಯಲ್ಲಿ ಕಪ್ಪು ಪಟ್ಟಿ ಕಂಡಿತು. ಎಳೆದು ನೋಡಿದಳು. ಒಳ್ಳೆಯ ಎಲಾಸ್ಟಿಕ್, ಅಂಟುವ ಕೊಕ್ಕೆ, ಮೇಲೊಂದು ದಪ್ಪ ಗುಂಡಿ. ಯಾರದೋ ಕೋಟಿನಿಂದ ಕಳಚಿದ್ದಿರಬೇಕು. ದರ್ಜಿಯ ಕೈ ಒಳ್ಳೆಯ ಎಲಾಸ್ಟಿಕ್ಕನ್ನು ಸುಮ್ಮನೆ ಬಿಡುವುದಿಲ್ಲ. ಉಡುಪಿನ ಅಂಚನ್ನು ಎಡಗಾಲಿನ ಹರಡಿಗೆ ಒತ್ತಿ, ಪಟ್ಟಿ ಬಿಗಿದು, ಮಿಷನ್ನು ತುಳಿಯತೊಡಗಿದಳು.

ಮರುದಿನ ಸಂಜೆ ಒಳಕೋಣೆಯ ಕಪಾಟಿನಿಂದ ಟ್ಯಾಬ್ಲೆಟ್ಟು ಕೂಗಿತು: "ಅದ್ಭುತ! ಇಂದು ನೀವು ಆರು ಸಾವಿರದ ನಾನೂರ ಹದಿನೆಂಟು ಸಲ ಕಾಲು ಎತ್ತಿದ್ದೀರಿ! ನಿಮ್ಮ ಬಗ್ಗೆ ನಮಗೆ ಹೆಮ್ಮೆಯಿದೆ!"

ಬೈಂಡರು ಬೆಳಗಿನಿಂದ ಕಾಲೆತ್ತಿದ್ದು ಹೊಸ್ತಿಲು ದಾಟಲು ಮಾತ್ರ. ಆರು ಎತ್ತಿದಾಗ 'ಪರವಾಗಿಲ್ಲ', ಎತ್ತದಿದ್ದಾಗ 'ಅದ್ಭುತ'! ಇದು ಮಾಮೂಲಿ ಮೇಲಧಿಕಾರಿಗಳ ರೀತಿಯೇ ಆದ್ದರಿಂದ ಅವರಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು ಅಷ್ಟೆ. ಟ್ಯಾಬ್ಲೆಟ್ಟಿನ ಮೇಲೆ ದಿಂಬು ಒತ್ತಿದರು.

ಭಾವಮೈದುನನ ಬಾಯಿಗೆ ದಿಂಬು ಒತ್ತುವುದು ಅಷ್ಟು ಸುಲಭವಲ್ಲ. ಅವನ ಫೋನಿಗೂ ಲೆಕ್ಕ ಹೋಗಿತ್ತಲ್ಲ. ಬೆಳಗಾಗುವುದರೊಳಗೆ ಓಡಿ ಬಂದ. ಬೈಂಡರ ಹೆಂಡತಿ ಆಗ ಹಾಲು ತರಲು ಹೋಗಿದ್ದಳು.

"ಭಾವ! ಆರು ಸಾವಿರ! ಏನ್ ಕಾಲು ಭಾವ ನಿಮ್ದು!"

ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೇಟಿನ ಮೇಲಿಂದ ಕತ್ತು ಚಾಚಿದರು. "ಎಷ್ಟು? ಆರು ಸಾವಿರವೇ? ಶಭಾಷ್! ನಾನು ಮೊದಲಿಂದಲೂ ಹೇಳ್ತಿರಲಿಲ್ವಾ, ಇದೆಲ್ಲ ಮನಸ್ಸಿನ ಕಾಯಿಲೆ ಅಂತ?"

ಆಗಲೇ ನಿಜ ಹೇಳಿಬಿಡಬೇಕಿತ್ತು. ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಆ ಕಾಲನ್ನು ಹೊಗಳಿದ್ದರು. ಬೈಂಡರು ಮೀಸೆಯ ಮೇಲೊಮ್ಮೆ ಕೈಯಾಡಿಸಿ, "ಏನೋ, ನಡೀತಿದೆ" ಎಂದುಬಿಟ್ಟರು. ಎರಡೇ ದಿನ ಆ ಗಾಳಿಯಲ್ಲಿ ತೇಲಿದರು. ಅವರು ಮಾಡಿದ ತಪ್ಪು ಅದೊಂದೇ, ಅಷ್ಟು ಸಾಕಾಯಿತು. ಸೋಮವಾರ ಅವರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ವಾರದ ವರದಿಯ ಜೊತೆ ಆಸ್ಪತ್ರೆ ಕಳಿಸಿದ ಬಣ್ಣದ ಅಂಚಿನ ಪ್ರಶಸ್ತಿ ಪತ್ರ: 'ಈ ವಾರದ ಮಾದರಿ ರೋಗಿ.' ಇನ್ನೊಂದು ಬಣ್ಣವಿಲ್ಲದ್ದು: 'ಎಡಗಾಲು ಸುಧಾರಿಸಿರುವುದರಿಂದ ನಾಳೆಯಿಂದ ಮೂರನೇ ಮಹಡಿಯಲ್ಲಿ ಹಾಜರಾಗತಕ್ಕದ್ದು.'

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆ ಇರುತ್ತಾರೆ. ಆ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟ್ ಆಗಿದ್ದರು.

"ಸಾರ್, ಆ ಲೆಕ್ಕ ಸುಳ್ಳು" ಎಂದರು ಬೈಂಡರು, ಊರುಗೋಲನ್ನು ನೆಲಕ್ಕೆ ಕುಟ್ಟಿ.

"ಯಾರ್ರೀ ಹೇಳಿದ್ದು?"

"ನಾನೇ. ಕಾಲು ನಂದು."

"ಕಾಲು ನಿಮ್ದೇ, ನಾನೇನು ನಂದು ಅಂದ್ನಾ? ಆದ್ರೆ ವರದಿ ಯಂತ್ರದ್ದು. ನಿಮ್ಮ ಕಾಲಿನ ಬಗ್ಗೆ ಸುಳ್ಳು ಹೇಳಿ ಯಂತ್ರಕ್ಕೆ ಏನಾಗ್ಬೇಕು? ಸುಳ್ಳು ಹೇಳಿದ್ರೆ ಫ್ಯಾನ್ ಸಿಗೋದು ನಿಮಗೆ."

"ಒಂದ್ಸಲ ಕಾಲು ನೋಡಿ ಸಾರ್!"

"ನಾನು ಡಾಕ್ಟ್ರಾ? ಕಾಲು ನೋಡೋಕೆ ನನಗೆ ಅಧಿಕಾರ ಇಲ್ಲ. ವರದಿ ನೋಡೋಕೆ ಇದೆ, ನೋಡಿದೀನಿ. ಆಕ್ಷೇಪಣೆ ಇದ್ರೆ ಅಹವಾಲು ವಿಭಾಗಕ್ಕೆ ಕೊಡಿ."

"ಕೊಡ್ತೀನಿ. ಎಲ್ಲಿದೆ ಅದು?"

"ಮೂರನೇ ಮಹಡಿ. ಖುದ್ದಾಗಿ ಕೊಡ್ಬೇಕು."

ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ. ಬೈಂಡರು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಐವತ್ತನಾಲ್ಕು. ಬಲಗಾಲು ಒಂದು ಮೆಟ್ಟಿಲು ಹತ್ತುವುದು, ಎಡಗಾಲನ್ನು ಕೈಯಿಂದ ಪ್ಯಾಂಟು ಹಿಡಿದು ಎತ್ತಿಡುವುದು, ಒಂದು ಬೈಗುಳ. ಹೀಗೆ ಮೂರು ಮೂರರ ಲೆಕ್ಕದಲ್ಲಿ ಹತ್ತಿದರು. ಮೊದಲ ಮಹಡಿಯಲ್ಲಿ ಸೂಪರಿಂಟೆಂಡೆಂಟರನ್ನು ಬೈದು ಮುಗಿಸಿದರು, ಎರಡನೆಯದರಲ್ಲಿ ಭಾವಮೈದುನನನ್ನು. ಅಲ್ಲಿಂದ ಮೇಲೆ ಲಿಫ್ಟು ಕಂಡುಹಿಡಿದವನು, ಮೆಟ್ಟಿಲು ಕಂಡುಹಿಡಿದವನು, ಇಬ್ಬರಿಗೂ ಸಮಪಾಲು. ಮುಕ್ಕಾಲು ಗಂಟೆಯ ಮೇಲೆ, ತಗಡಿನ ಮಾಡಿನ ಝಳದಲ್ಲಿ ಕಣ್ಣು ಮಂಜಾಗಿ, ಅಹವಾಲು ಗುಮಾಸ್ತನ ಮೇಜು ಹಿಡಿದು ನಿಂತರು.

ಗುಮಾಸ್ತ ಅರ್ಜಿಯನ್ನು ಪೂರ್ತಿ ಓದಿದ. ಅರ್ಜಿದಾರರನ್ನು ಪೂರ್ತಿ ನೋಡಿದ. ಆಮೇಲೆ ಅಂಚಿನಲ್ಲಿ ಬರೆದ: 'ಅರ್ಜಿದಾರರು ಖುದ್ದಾಗಿ ಮೆಟ್ಟಿಲು ಹತ್ತಿ ಬಂದು, ತಮಗೆ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ತಿಳಿಸಿರುತ್ತಾರೆ. ತಿರಸ್ಕರಿಸಲಾಗಿದೆ.'

ಇಳಿಯುವಾಗ ಕಾಲು ಪೂರ್ತಿ ಕೈಕೊಟ್ಟಿತು. ಬೈಂಡರು ಒಂದೊಂದೇ ಮೆಟ್ಟಿಲ ಮೇಲೆ ಕೂತು, ಕೂತು, ಕೆಳಗೆ ಜಾರಿದರು. ಹತ್ತುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಮಾದರಿ ರೋಗಿಗಳು! ಇದೂ ವ್ಯಾಯಾಮವೇನೋ" ಎಂದ ಒಬ್ಬ, ಗೌರವದಿಂದ.

ಮಂಗಳವಾರದಿಂದ ಶುಕ್ರವಾರದವರೆಗೆ ಬೈಂಡರು ತಗಡಿನ ಕೆಳಗೆ ಕೆಲಸ ಮಾಡಿದರು. ಕೆಲಸವೆನ್ನುವುದು ಮರ್ಯಾದೆಯ ಮಾತು. ಸೂಜಿಗೆ ದಾರ ಪೋಣಿಸಲು ಹೋದರೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಮನೆಗೆ ಬಂದರೆ ಮಂಚ. ಪ್ರತಿ ಸಂಜೆ ದಿಂಬಿನ ಕೆಳಗಿನಿಂದ ದನಿ: "ಅದ್ಭುತ! ಆರು ಸಾವಿರದ ಎಪ್ಪತ್ತು!" "ಅದ್ಭುತ! ಏಳು ಸಾವಿರ!" ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಬಣ್ಣ ಇಳಿದುಹೋಗಿದೆ ನಿಮ್ದು. ಏನಾಗ್ತಿದೆ ಹೇಳ್ರಿ" ಎಂದರೆ, "ಓದಿ ಓದಿ ಸಾಕಾಗಿದೆ" ಎಂದು ಗೋಡೆಗೆ ತಿರುಗಿದರು.

ಶನಿವಾರ ಬಂತು. ಬೈಂಡರು ಟ್ಯಾಬ್ಲೆಟ್ಟು ತೆರೆದರು, ಫಿಜಿಯೋ ಮೇಡಂಗೆ ಚಳಿ ಬಿಡಿಸಬೇಕೆಂದು. ಆದರೆ ಪರದೆಯ ಮೇಲೆ ಮೇಡಂ ಒಬ್ಬರೇ ಇರಲಿಲ್ಲ. ಬೆಂಕಿಪೊಟ್ಟಣದಂಥ ಚೌಕಗಳಲ್ಲಿ ಹನ್ನೆರಡು ಮುಖಗಳು.

"ಇವರೆಲ್ಲ ನಿಮ್ಮ ಹಾಗೇ ಎಂ.ಎಸ್. ಇರೋರು. ಇವತ್ತು ಎಲ್ಲರೂ ಒಟ್ಟಿಗೆ ವ್ಯಾಯಾಮ" ಎಂದರು ಮೇಡಂ ನಗುತ್ತ. "ಮೊದಲು ನಮ್ಮ ಮಾದರಿ ರೋಗಿಗಳು ತಮ್ಮ ಗುಟ್ಟು ಹೇಳ್ತಾರೆ."

ಬೈಂಡರು ಬಾಯಿ ತೆರೆಯುವ ಮೊದಲೇ ಮೂಲೆಯ ಚೌಕದಿಂದ ಒಂದು ಹೆಣ್ಣುದನಿ ಸಿಡಿಯಿತು. ಹಿಂದೆ ಪುಸ್ತಕದ ಕಪಾಟು, ಮುಂದೆ ದಪ್ಪ ಕನ್ನಡಕ. ಯಾವುದೋ ಗ್ರಂಥಾಲಯದಲ್ಲಿ ಜನರನ್ನು ಗದರಿಸಿ ಪಳಗಿದ ಗಂಟಲು.

"ಓ, ನೀವೇನಾ ಆ ಮಹಾನುಭಾವರು? ಆರು ಸಾವಿರದೋರು? ನನ್ನ ಕಾಲು ಹತ್ತು ಸಲ ಎತ್ತಿದ್ರೆ ನಾನು ಸಂಜೆವರೆಗೆ ಮಲಗ್ಬೇಕು. ನಿಮ್ಮ ಸುದ್ದಿ ಬಂದಾಗಿನಿಂದ ನಮ್ಮನೆಯವರು ನನ್ನನ್ನ ಸೋಮಾರಿ ಅಂತಿದಾರೆ! ಒಂದು ವಾರ ಆಯ್ತು, 'ಅವರು ಎತ್ತಲ್ವಾ, ಅವರು ಎತ್ತಲ್ವಾ' ಅಂತ. ಏನ್ರೀ ತಿಂತೀರಿ ನೀವು, ಸ್ಪ್ರಿಂಗಾ?"

"ನಮ್ಮನೇಲೂ ಅದೇ" ಎಂದಿತು ಇನ್ನೊಂದು ಚೌಕ. "ನಮ್ಮ ಸೊಸೆ ನಿಮ್ಮ ಪ್ರಶಸ್ತಿ ಪತ್ರ ಗೋಡೆಗೆ ಅಂಟಿಸಿದಾಳೆ" ಎಂದಿತು ಮತ್ತೊಂದು.

ನಾಲ್ಕು ವರ್ಷದಲ್ಲಿ ಬೈಂಡರಿಗೆ ತಮ್ಮಷ್ಟೇ ಸಿಟ್ಟಿನವರು ಸಿಕ್ಕಿದ್ದು ಇದೇ ಮೊದಲು. ಅದೂ ಹನ್ನೆರಡು ಜನ, ಅದೂ ತಮ್ಮ ಮೇಲೇ.

"ಸುಳ್ಳು ಕಣ್ರೀ!" ಎಂದು ಅವರು ಕೂಗಿದ್ದಕ್ಕೆ ಟ್ಯಾಬ್ಲೆಟ್ಟು ನಡುಗಿತು. "ಎಲ್ಲಾ ಸುಳ್ಳು! ನಾನು ಎತ್ತಿದ್ದು ನಾಲ್ಕು, ನಾಲ್ಕು, ಆರು. ಅಷ್ಟೇ! ಆಮೇಲೆ ಆ ಹಾಳು ಪಟ್ಟೀನ ಎಸೆದೆ. ಈ ಸುಳ್ಳಿನಿಂದ ನನ್ನ ಮೇಜು ಹೋಯ್ತು, ಫ್ಯಾನ್ ಹೋಯ್ತು, ಇನ್ನೊಂದು ವಾರಕ್ಕೆ ಕೆಲಸಾನೂ ಹೋಗುತ್ತೆ!"

ಹನ್ನೆರಡು ಮುಖಗಳೂ ಪರದೆಯ ಹತ್ತಿರಕ್ಕೆ ಬಂದವು.

"ಆದ್ರೆ... ನೀವು ಈಗ್ಲೂ ಎತ್ತುತಾ ಇದ್ದೀರಲ್ಲ" ಎಂದರು ಮೇಡಂ ಮೆಲ್ಲಗೆ. ಪರದೆಯ ಮೂಲೆಯಲ್ಲಿ ಬೈಂಡರ ಲೆಕ್ಕ ಓಡುತ್ತಿತ್ತು: ಇನ್ನೂರ ಹತ್ತು, ಇನ್ನೂರ ಹನ್ನೊಂದು. ಬೈಂಡರು ಎರಡೂ ಕಾಲನ್ನು ಸ್ಟೂಲಿನ ಮೇಲಿಟ್ಟು ತೋರಿಸಿದರು. ಕಾಲುಗಳು ನಿಂತಿದ್ದವು. ಲೆಕ್ಕ ನಿಲ್ಲಲಿಲ್ಲ.

ಗ್ರಂಥಾಲಯದಲ್ಲಿ ಇದ್ದವರಿಗೆ ಸದ್ದು ಹಿಡಿಯುವ ಕಿವಿ ಇರುತ್ತದೆ. "ಹಿಂದೆ ಅದೇನ್ರೀ ಟಕಟಕ?"

"ನಮ್ಮಾಕೆ ಹೊಲಿಗೆ ಮಿಷನ್ನು."

"ನಿಲ್ಲಿಸೋಕೆ ಹೇಳಿ."

"ಏ, ಇವಳೇ! ಮಿಷನ್ ನಿಲ್ಸು!"

ಟಕಟಕ ನಿಂತಿತು. ಇನ್ನೂರ ನಲವತ್ತು. ಇನ್ನೂರ ನಲವತ್ತು. ಇನ್ನೂರ ನಲವತ್ತು.

"ಶುರು ಮಾಡೋಕೆ ಹೇಳಿ."

"ಏ, ಶುರು ಮಾಡು!"

ಇನ್ನೂರ ನಲವತ್ತೊಂದು. ಇನ್ನೂರ ನಲವತ್ತೆರಡು.

"ನಿಲ್ಸು!"

ಬಾಗಿಲು ದಢಾರನೆ ತೆರೆಯಿತು. ಕೈಯಲ್ಲಿ ಕತ್ತರಿ, ಬಾಯಲ್ಲಿ ಎರಡು ಗುಂಡುಸೂಜಿ, ಎಡಗಾಲಿನಲ್ಲಿ ಕಪ್ಪು ಪಟ್ಟಿ. "ಏನ್ರೀ ನಿಮ್ದು? ನಿಲ್ಸು, ಶುರು ಮಾಡು, ನಿಲ್ಸು! ನಲವತ್ತು ಚಡ್ಡಿ ಬಾಕಿ ಇದೆ ನಂಗೆ, ನಾನೇನು ನಿಮ್ಮ ಕೈ ಬೊಂಬೇನಾ?" ಎಂದವಳಿಗೆ ಆಗ ಪರದೆಯ ಮೇಲಿನ ಹದಿಮೂರು ಮುಖಗಳು ಕಂಡವು. ಹದಿಮೂರೂ ಅವಳ ಕಾಲನ್ನೇ ನೋಡುತ್ತಿದ್ದವು.

ವಿಷಯ ತಿಳಿದ ಮೇಲೆ ಆಕೆ ನಗಲಿಲ್ಲ. ಸೂಜಿಗಳನ್ನು ತೆಗೆದು ಗಂಡನ ಅಂಗಿಗೇ ಚುಚ್ಚಿಟ್ಟಳು. "ಕಾಲು ಎತ್ತೋಕೆ ನಾಚಿಕೆ ನಿಮಗೆ? ನನ್ನ ಮುಂದೆ? ನಾಲ್ಕು ವರ್ಷದಿಂದ ನಿಮ್ಮ ಕಾಲುಚೀಲ ಹಾಕ್ತಿರೋದು ಯಾರು, ಎದುರುಮನೆ ಮೇಷ್ಟ್ರಾ?" ಎಂದು ಪಟ್ಟಿಯನ್ನು ಬಿಚ್ಚಿ, ಮೊಣಕಾಲೂರಿ ಕೂತು, ಗಂಡನ ಹರಡಿಗೆ ಬಿಗಿದಳು. "ಹೂಂ, ಎತ್ತಿ. ನಾನು ನೋಡ್ತೀನಿ."

ಎಡಗಾಲು ಎದ್ದಿತು. ಗ್ರಂಥಾಲಯದಮ್ಮ ಮೂಲೆಯಿಂದ ಎಣಿಸಿದರು, ಗದರಿಸುವ ದನಿಯಲ್ಲೇ. "ಒಂದು. ಎರಡು. ಮೂರು. ಇನ್ನೂ ಮೇಲೆ, ಕಳ್ಳಾಟ ಬೇಡ! ನಾಲ್ಕು." ಆರಕ್ಕೆ ನಿಂತಿತು. ಟ್ಯಾಬ್ಲೆಟ್ಟು "ಪರವಾಗಿಲ್ಲ!" ಎಂದಾಗ ಹದಿಮೂರು ಜನ ಒಟ್ಟಿಗೆ ಅದಕ್ಕೆ ಬೈದರು. ಅದರಲ್ಲಿ ಫಿಜಿಯೋ ಮೇಡಂ ಕೂಡ ಇದ್ದರೆಂದು ಬೈಂಡರು ಇಂದಿಗೂ ಆಣೆ ಮಾಡುತ್ತಾರೆ.

"ಹಳೇ ಲೆಕ್ಕ ಅಳಿಸ್ತೀರಲ್ಲ?" ಎಂದು ಮೇಡಂ ಅವರನ್ನು ಕೇಳಿದರು ಬೈಂಡರು.

"ಅಳಿಸೋಕೆ ಅದು ಬಿಡಲ್ಲ. ತಪ್ಪು ಅಂತ ಮೇಲಿನವರಿಗೆ ಪತ್ರ ಬರೀತೀನಿ, ಆದ್ರೆ ತಿಂಗಳುಗಟ್ಟಲೆ ಆಗುತ್ತೆ. ಇವತ್ತಿನಿಂದ ಸರಿಯಾದ್ದು ಹೋಗುತ್ತೆ."

ಸೋಮವಾರ ಹತ್ತು ಗಂಟೆಗೆ ಸೂಪರಿಂಟೆಂಡೆಂಟರು ಜೀವಮಾನದಲ್ಲಿ ಮೊದಲ ಸಲ ಮೂರನೇ ಮಹಡಿಗೆ ಬಂದರು. ಬಂದು, ಬೈಂಡರ ಸ್ಟೂಲಿನ ಮೇಲೆ ಕುಸಿದು, ಐದು ನಿಮಿಷ ಮೀನಿನಂತೆ ಬಾಯಿ ಬಿಟ್ಟರು. ಕೈಯಲ್ಲಿ ವರದಿ. ಅದರ ಮೇಲೆ ಬೆಟ್ಟದ ತುದಿಯಿಂದ ಬಾವಿಯ ತಳಕ್ಕೆ ಬಿದ್ದ ಒಂದು ಕೆಂಪು ಗೆರೆ. ಶುಕ್ರವಾರ ಏಳು ಸಾವಿರ, ಭಾನುವಾರ ಆರು. ಕೆಳಗೆ ಯಂತ್ರ ತಾನಾಗಿ ಸೇರಿಸಿದ ಸಾಲು: 'ರೋಗಿಯ ಸ್ಥಿತಿ ಹಠಾತ್ತಾಗಿ ಕುಸಿದಿದೆ. ಇತ್ತೀಚೆಗೆ ಅವರ ದಿನಚರಿ ಬದಲಾಗಿದೆಯೇ? ಬದಲಾಯಿಸಿದವರು ಯಾರೆಂದು ದಾಖಲಿಸಿ.'

"ನಾಲ್ಕೇ ದಿನ ರೀ!" ಎಂದರು ಸೂಪರಿಂಟೆಂಡೆಂಟರು. "ನಾಲ್ಕು ದಿನ ಮೇಲೆ ಕೂರಿಸಿದ್ದಕ್ಕೆ ಏಳು ಸಾವಿರದ ಕಾಲು ಆರಕ್ಕೆ ಬಂತಲ್ರೀ! ಆದೇಶಕ್ಕೆ ಸಹಿ ಹಾಕಿದ್ದು ನಾನು!"

"ಸಾರ್, ಆ ಏಳು ಸಾವಿರ ನಂದಲ್ಲ. ಅದು ಹೊಲಿಗೆ ಮಿಷನ್ನು."

"ಪಾಪ, ಮಾತೂ ತಪ್ಪುತಾ ಇದೆ" ಎಂದು ಸೂಪರಿಂಟೆಂಡೆಂಟರು ಗುಮಾಸ್ತನ ಕಡೆ ತಿರುಗಿದರು.

"ಮಾತು ಸರಿಯಾಗೇ ಇದೆ! ಕಾಲು ನಮ್ಮ ಹೆಂಡತೀದು ಸಾರ್!"

"ನೀರು ಕುಡೀರಿ. ಮಾತಾಡ್ಬೇಡಿ, ಸುಸ್ತಾಗುತ್ತೆ."

ನಾಲ್ಕು ವರ್ಷ ಯಾರೂ ಒಪ್ಪದ ಸುಸ್ತನ್ನು, ಈಗ ಅವರ ಮೇಲೆ ಬಲವಂತವಾಗಿ ಹೇರಲಾಯಿತು. ಬೈಂಡರು ಮೂರನೆಯ ಸಲ ನಿಜ ಹೇಳಿದರು. ಆ ನಿಜವನ್ನು ಇಬ್ಬರು ಕುರ್ಚಿಸಮೇತ ಎತ್ತಿಕೊಂಡು ಐವತ್ತನಾಲ್ಕು ಮೆಟ್ಟಿಲು ಇಳಿಸಿದರು. ಅದು ಕೆಳಗಿನವರೆಗೂ ಕೂಗುತ್ತಲೇ ಇತ್ತು.

ಮೇಜು ಉತ್ತರದ ಕಿಟಕಿಯ ಪಕ್ಕಕ್ಕೆ ಬಂತು, ಫ್ಯಾನೂ ಬಂತು. ಹೊಸ ಆದೇಶದ ಪ್ರಕಾರ, ಎಡಗಾಲಿನ ಲೆಕ್ಕ ಮೊದಲಿನಂತೆ ದಿನಕ್ಕೆ ಆರು ಸಾವಿರವಾಗುವವರೆಗೆ ಬೈಂಡರು ನೆಲಮಹಡಿಯಲ್ಲೇ ಕೆಲಸ ಮಾಡತಕ್ಕದ್ದು. ಈಗ ಅದು ಏಳು.